ಹ್ಯಾಲಿಯ ಏಣಿ: 45, 61, 75, 91, 105

ಮೇಲಿನ ಐದು ಸಂಖ್ಯೆಗಳನ್ನು ಒಂದರಿಂದ ಒಂದು ಕಳೆಯುತ್ತ ಹೋಗಿ. 16, 14, ಮತ್ತೆ 16, ಮತ್ತೆ 14. ಇಷ್ಟು ಚೊಕ್ಕ ಸರಣಿ ಕಣ್ಣಿಗೆ ಬಿದ್ದರೆ ಇದರ ಹಿಂದೆ ಏನೋ ಇದೆ ಎಂದು ಯಾರಿಗಾದರೂ ಅನ್ನಿಸುತ್ತದೆ. 1986ರ ಮಾರ್ಚ್‌ನಲ್ಲಿ ಜಿಯೊಟ್ಟೊ ನೌಕೆ ಹ್ಯಾಲಿ ಧೂಮಕೇತುವಿನ ಪಕ್ಕದಲ್ಲಿ ಹಾದುಹೋದಾಗ, ಅದರಲ್ಲಿದ್ದ ಒಂದು ಪುಟ್ಟ ಉಪಕರಣ ಅಳೆದ ಅಯಾನುಗಳ (ಚಾರ್ಜ್ ಹೊತ್ತ ಅಣುಗಳ) ತೂಕ ಈ ಮೆಟ್ಟಿಲುಗಳಲ್ಲಿ ಗುಂಪುಗುಂಪಾಗಿ ನಿಂತಿತ್ತು. 1987ರಲ್ಲಿ ಇದಕ್ಕೊಂದು ಹೆಸರು ಸಿಕ್ಕಿತು, 1992ರಲ್ಲಿ ಆ ಹೆಸರು ಅಲುಗಾಡಿತು. 2015ರಲ್ಲಿ ಇನ್ನೊಂದು ಧೂಮಕೇತುವಿನ ನೆಲದ ಮೇಲೆ ಅದೇ ಲೆಕ್ಕ, ಅದೇ ಹೆಸರು ಮತ್ತೆ ಎದ್ದು ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೂ ಅಲುಗಾಡಿತು.

ಧೂಮಕೇತುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಜಿಯೊಟ್ಟೊ ತೆಗೆದ ಚಿತ್ರದಿಂದ ಶುರು ಮಾಡುತ್ತಾರೆ: ಇದ್ದಿಲಿನಷ್ಟು ಕಪ್ಪಗಿನ, ಹದಿನೈದು ಕಿಲೋಮೀಟರ್ ಉದ್ದದ ಗೆಡ್ಡೆ, ಅದರಿಂದ ಚಿಮ್ಮುವ ಬಿಳಿ ಚಿಲುಮೆ. ಚಿತ್ರ ಚೆನ್ನಾಗಿದೆ. ನನಗೆ ಮಾತ್ರ ಈ ಐದು ಸಂಖ್ಯೆಗಳ ವ್ಯಾಜ್ಯವೇ ಹೆಚ್ಚು ರುಚಿ.

ಬೆಳಗಿನ ಜಾವದ ಐದೂ ಮೂವತ್ಮೂರು

ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಜಿಯೊಟ್ಟೊ 1985ರ ಜುಲೈ 2ರಂದು ಹೊರಟಿತ್ತು. ಧೂಮಕೇತುವಿಗೆ ಅತಿ ಸಮೀಪ ಬಂದದ್ದು 1986ರ ಮಾರ್ಚ್ 14ರಂದು, ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂ ಮೂವತ್ಮೂರಕ್ಕೆ, ಇಲ್ಲಿ ಹಾಲಿನವನು ಬಾಗಿಲು ತಟ್ಟುವ ಹೊತ್ತಿಗೆ. ದೂರ 596 ಕಿಲೋಮೀಟರ್. ಇಷ್ಟು ಹತ್ತಿರ ಗುರಿಯಿಡಲು ಸಾಧ್ಯವಾದದ್ದು ಸೋವಿಯತ್ತಿನ ಎರಡು ವೇಗಾ ನೌಕೆಗಳಿಂದ. ಅವು ಅದೇ ತಿಂಗಳ 6 ಮತ್ತು 9ರಂದು ಎಂಟೊಂಬತ್ತು ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಗಿ, ಮಬ್ಬಿನೊಳಗೆ ಅವಿತಿದ್ದ ನ್ಯೂಕ್ಲಿಯಸ್, ಅಂದರೆ ಧೂಮಕೇತುವಿನ ಗಟ್ಟಿ ಗೆಡ್ಡೆ, ಎಲ್ಲಿದೆ ಎಂದು ತೋರಿಸಿಕೊಟ್ಟಿದ್ದವು. ಶೀತಲ ಸಮರದ ಕಾಲದಲ್ಲೂ ಈ ಒಂದು ಕೆಲಸದಲ್ಲಿ ಕೊಡುಕೊಳ್ಳುವಿಕೆ ಸರಾಗವಾಗಿ ನಡೆಯಿತು.

ಹ್ಯಾಲಿ ಸೂರ್ಯನನ್ನು ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಹಾಗಾಗಿ ಇದು ಎದುರುಬದುರಿನ ಭೇಟಿ. ಸೆಕೆಂಡಿಗೆ 68.4 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಎರಡು ಸೆಕೆಂಡು. ಈ ವೇಗದಲ್ಲಿ ಅಕ್ಕಿನುಚ್ಚಿನಷ್ಟು ದೂಳು ಬಡಿದರೂ ಗುಂಡೇಟಿಗಿಂತ ಜೋರು. ನೌಕೆಯ ಮುಂದೆ ಒಂದು ಮಿಲಿಮೀಟರ್ ಅಲ್ಯೂಮಿನಿಯಂ ತಗಡು, ಸ್ವಲ್ಪ ಜಾಗ ಬಿಟ್ಟು ಹಿಂದೆ ದಪ್ಪನೆಯ ಕೆವ್ಲಾರ್ ಪದರ, ಹೀಗೆ ಎರಡು ಹಂತದ ಗುರಾಣಿ ಕಟ್ಟಿದ್ದರು. ಆದರೂ ಅತಿ ಸಮೀಪದ ಕ್ಷಣಕ್ಕೆ ಇನ್ನು ಕೆಲವೇ ಸೆಕೆಂಡು ಇದ್ದಾಗ ದೊಡ್ಡದೊಂದು ಕಣ ಬಡಿದು, ಬುಗುರಿಯಂತೆ ಸುತ್ತುತ್ತಿದ್ದ ನೌಕೆ ಓಲಾಡತೊಡಗಿತು. ಆಂಟೆನಾ ಭೂಮಿಯ ದಿಕ್ಕು ತಪ್ಪಿ, ಸುಮಾರು ಅರ್ಧ ಗಂಟೆ ಮಾಹಿತಿ ಬಿಟ್ಟುಬಿಟ್ಟು ಬಂತು. ಕ್ಯಾಮೆರಾ ಮತ್ತೆ ಏಳಲಿಲ್ಲ. ನಮ್ಮ ಪ್ರಕರಣಕ್ಕೆ ಬೇಕಾದ ಅಳತೆಗಳು ಅಷ್ಟರೊಳಗೆ, ಒಳಗೆ ನುಗ್ಗುವ ದಾರಿಯಲ್ಲೇ, ಬಂದುಬಿಟ್ಟಿದ್ದವು.

ಅಯಾನುಗಳನ್ನೇ ಏಕೆ ಅಳೆಯಬೇಕು

ಧೂಮಕೇತು ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ ಸುತ್ತ ಹರಡುವ ಅನಿಲದ ಮಬ್ಬಿಗೆ ಕೋಮಾ ಎನ್ನುತ್ತಾರೆ. ಹ್ಯಾಲಿಯ ಕೋಮಾದಲ್ಲಿ ನೂರಕ್ಕೆ ಎಂಬತ್ತರಷ್ಟು ನೀರಾವಿ. ನ್ಯೂಕ್ಲಿಯಸ್ಸಿನಿಂದ ಹೊರಟ ಈ ಅಣುಗಳಿಗೆ ಚಾರ್ಜ್ ಇರುವುದಿಲ್ಲ. ಸೂರ್ಯನ ಅತಿನೇರಳೆ ಬೆಳಕು ಬಿದ್ದು ನೀರಿನ ಅಣು ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಅದು ಅಯಾನು. ನ್ಯೂಕ್ಲಿಯಸ್ಸಿಗೆ ಹತ್ತಿರ, ಅನಿಲ ದಟ್ಟವಾಗಿರುವಲ್ಲಿ, ಆ ಅಯಾನು ಪಕ್ಕದ ನೀರಿನ ಅಣುವಿಗೆ ಡಿಕ್ಕಿ ಹೊಡೆದು ಒಂದು ಪ್ರೋಟಾನನ್ನು ದಾಟಿಸಿಬಿಡುತ್ತದೆ. ಹೈಡ್ರೋಜನ್ ಪರಮಾಣುವಿನ ತೂಕ 1 ಎಂಬ ಲೆಕ್ಕದಲ್ಲಿ, 18 ತೂಕದ ನೀರು 19 ತೂಕದ ಹೈಡ್ರೋನಿಯಂ ಆಗುತ್ತದೆ.

ಮಜಾ ಇರುವುದು ಮುಂದೆ. ಪ್ರೋಟಾನನ್ನು ನೀರಿಗಿಂತ ಬಿಗಿಯಾಗಿ ಹಿಡಿದುಕೊಳ್ಳುವ ಅಣುಗಳಿವೆ: ಅಮೋನಿಯ, ಮೆಥನಾಲ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್. ಹೈಡ್ರೋನಿಯಂ ಎದುರು ಸಿಕ್ಕರೆ ಇವು ಪ್ರೋಟಾನನ್ನು ಕಸಿದುಕೊಳ್ಳುತ್ತವೆ. ಹೀಗೆ ಕಸಿದುಕೊಂಡ ಅಣುವಿನ ತೂಕ ಒಂದು ಹೆಚ್ಚು. ಮೆಥನಾಲ್ 32 ಇದ್ದದ್ದು 33 ಆಗಿ ಕಾಣಿಸುತ್ತದೆ, ಫಾರ್ಮಾಲ್ಡಿಹೈಡ್ 30 ಇದ್ದದ್ದು 31 ಆಗಿ. ಕಾರ್ಬನ್ ಡೈಆಕ್ಸೈಡ್‌ಗೆ ಆ ತಾಕತ್ತಿಲ್ಲ. ಹೈಡ್ರೋನಿಯಂನಿಂದ ಅದು ಏನನ್ನೂ ಕಿತ್ತುಕೊಳ್ಳಲಾರದು.

ಆದ್ದರಿಂದ ಅಯಾನುಗಳ ಅಳತೆಗೆ ಒಂದು ದೊಡ್ಡ ಅನುಕೂಲವಿದೆ, ಒಂದು ಪಕ್ಷಪಾತವೂ ಇದೆ. ಅಪರೂಪದ ಅಣು ಪ್ರೋಟಾನ್‌ಪ್ರಿಯವಾಗಿದ್ದರೆ ತನ್ನ ಪಾಲಿಗಿಂತ ಜೋರಾಗಿ ಕೂಗುತ್ತದೆ. ಹೇರಳವಾಗಿದ್ದೂ ಪ್ರೋಟಾನ್ ಬೇಡದ ಅಣು ತೆಪ್ಪಗಿರುತ್ತದೆ. ಸಭೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಬರೀ ಗಲಾಟೆ ಕೇಳಿ ಅಂದಾಜು ಮಾಡಿದ ಹಾಗೆ.

ಜಿಯೊಟ್ಟೊದಲ್ಲಿ ಇಂಥ ಕೆಲಸಕ್ಕೆ ಒಂದಕ್ಕಿಂತ ಹೆಚ್ಚು ಉಪಕರಣಗಳಿದ್ದವು. ಬರ್ನ್‌ನ ಹಾನ್ಸ್ ಬಾಲ್ಸಿಗರ್ ತಂಡದ ಅಯಾನು ಮಾಸ್ ಸ್ಪೆಕ್ಟ್ರೋಮೀಟರ್ (ಅಯಾನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಉಪಕರಣ), ಹೈಡೆಲ್‌ಬರ್ಗ್‌ನ ಡೀಟರ್ ಕ್ರಾಂಕೋವ್‌ಸ್ಕಿ ತಂಡದ, ಚಾರ್ಜ್ ಇಲ್ಲದ ಅಣುಗಳನ್ನು ತೂಗುವ ನ್ಯೂಟ್ರಲ್ ಮಾಸ್ ಸ್ಪೆಕ್ಟ್ರೋಮೀಟರ್ ಎರಡೂ ಹಗುರ ಅಣುಗಳ ಕಡೆಗೆ ಗಮನ ಇಟ್ಟಿದ್ದವು. ಭಾರದ ಅಯಾನುಗಳಿಗೆಂದೇ ಇದ್ದದ್ದು ಪಿಕ್ಕಾ, ಆ ಐದು ಮೆಟ್ಟಿಲು ಕಂಡ ಪುಟ್ಟ ಉಪಕರಣ. ಟುಲೂಸ್‌ನ ಆನ್ರಿ ರೆಮ್ ಮುಖ್ಯಸ್ಥರಾಗಿದ್ದ ಪ್ಲಾಸ್ಮಾ ಪ್ರಯೋಗದ ಒಂದು ಭಾಗ ಅದು. ಜರ್ಮನಿಯ ಲಿಂಡೌನ ಆಕ್ಸೆಲ್ ಕೋರ್ಟ್ ಅದರ ಹಿಂದಿನ ಮುಖ್ಯ ಕೈ.

ತಕ್ಕಡಿ ಇಲ್ಲದ ತೂಕ

ಪಿಕ್ಕಾಗೆ ಅಯಾನಿನ ತೂಕ ನೇರವಾಗಿ ಗೊತ್ತಾಗುತ್ತಿರಲಿಲ್ಲ. ಅದು ಅಳೆಯುತ್ತಿದ್ದದ್ದು ಶಕ್ತಿಯನ್ನು. ಬಾಗಿದ ಎರಡು ಲೋಹದ ಹಾಳೆಗಳ ನಡುವೆ ವೋಲ್ಟೇಜ್ ಕೊಟ್ಟರೆ ಒಂದು ನಿರ್ದಿಷ್ಟ ಶಕ್ತಿಯ ಅಯಾನು ಮಾತ್ರ ಆಚೆ ದಾಟಿ ಹೋಗುತ್ತದೆ. ವೋಲ್ಟೇಜ್ ಬದಲಿಸುತ್ತ ಹೋದರೆ ಶಕ್ತಿಯ ಪಟ್ಟಿ ಸಿಗುತ್ತದೆ. ಶಕ್ತಿಯಿಂದ ತೂಕಕ್ಕೆ ಹೋಗಲು ವೇಗ ಗೊತ್ತಿರಬೇಕು.

ವೇಗವನ್ನು ಒದಗಿಸಿದ್ದು ನೌಕೆಯೇ. ಒಳ ಕೋಮಾದ ಅಯಾನುಗಳು ತಣ್ಣಗೆ, ಹೆಚ್ಚು ಕಡಿಮೆ ನಿಂತ ಹಾಗೆಯೇ ಇರುತ್ತವೆ. ನೌಕೆ ಅವುಗಳೊಳಗೆ ನುಗ್ಗುತ್ತದೆ. ಮಳೆಯಲ್ಲಿ ಜೋರಾಗಿ ಓಡುವ ಬಸ್ಸಿನ ಡ್ರೈವರಿಗೆ ಹನಿಗಳೆಲ್ಲ ಎದುರಿನಿಂದಲೇ ಬಂದು ಗಾಜಿಗೆ ಹೊಡೆಯುತ್ತವಲ್ಲ, ಹಾಗೆ. ಎಲ್ಲ ಅಯಾನುಗಳೂ ಒಂದೇ ವೇಗದಲ್ಲಿ, 68.4 ಕಿಲೋಮೀಟರಿನಲ್ಲಿ, ಬಂದು ಬಡಿದರೆ ಶಕ್ತಿ ನೇರವಾಗಿ ತೂಕಕ್ಕೆ ಅನುಪಾತ. ಲೆಕ್ಕ ಹಾಕಿದರೆ ಒಂದು ಘಟಕ ತೂಕಕ್ಕೆ ಸುಮಾರು 24 ಎಲೆಕ್ಟ್ರಾನ್ ವೋಲ್ಟ್. ಹೈಡ್ರೋನಿಯಂ 460ರ ಆಸುಪಾಸಿನಲ್ಲಿ ಕಾಣಬೇಕು, ತೂಕ 105 ಇದ್ದದ್ದು 2,540ರ ಹತ್ತಿರ. ಭೇಟಿಯ ವೇಗವನ್ನೇ ತಕ್ಕಡಿಯ ಕಲ್ಲು ಮಾಡಿಕೊಂಡ ಈ ಜಾಣ್ಮೆ ನನಗೆ ತುಂಬ ಹಿಡಿಸುತ್ತದೆ.

ಆದರೆ ಕಲ್ಲಿನಲ್ಲೂ ಸವಕಲು ಇರುತ್ತದೆ. ಮೊದಲನೆಯದು, ಅನಿಲ ನಿಜಕ್ಕೂ ನಿಂತಿಲ್ಲ. ನ್ಯೂಕ್ಲಿಯಸ್ಸಿನಿಂದ ಹೊರಕ್ಕೆ ಸೆಕೆಂಡಿಗೆ ಸುಮಾರು 0.9 ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿದೆ. ಒಳಗೆ ನುಗ್ಗುವ ನೌಕೆಗೆ ಅದು ಎದುರುಗಾಳಿ, ಹಾಗಾಗಿ ಬಡಿಯುವ ವೇಗ ಅಷ್ಟು ಹೆಚ್ಚು. ವೇಗದಲ್ಲಿ ನೂರಕ್ಕೆ ಒಂದೂಕಾಲು ಹೆಚ್ಚಾದರೆ ಶಕ್ತಿಯಲ್ಲಿ ಎರಡೂವರೆಗಿಂತ ಹೆಚ್ಚು. ಇದನ್ನು ತಿದ್ದದೆ ಓದಿದರೆ 105 ಇದ್ದದ್ದು 108ರ ಹತ್ತಿರ ಕಾಣುತ್ತದೆ. ಎರಡನೆಯದು ಶಾಖ. ತಣ್ಣಗಿನ ಅಯಾನೂ ಸ್ವಲ್ಪ ಮಿಸುಕಾಡುತ್ತದೆ. 300 ಕೆಲ್ವಿನ್ ಎಂದು ಇಟ್ಟುಕೊಂಡರೆ 19ರ ಬಳಿ ಈ ಮಿಸುಕಾಟದಿಂದ ಆಗುವ ಮಸುಕು ಕಾಲು ಘಟಕದಷ್ಟು, 105ರ ಬಳಿ ಮುಕ್ಕಾಲಿಗೆ ಹತ್ತಿರ, ಅದೂ ಎರಡೂ ಕಡೆಗೆ. ಮೂರನೆಯದಾಗಿ ನೌಕೆಯ ಮೈಗೇ ಕೆಲವು ವೋಲ್ಟ್ ಚಾರ್ಜ್ ಏರಿರಬಹುದು. ಒಂದು ಘಟಕಕ್ಕೆ 24 ಇರುವುದರಿಂದ ಅದು ಅಷ್ಟೇನೂ ಕಾಡದು.

ಒಟ್ಟಿನಲ್ಲಿ ಭಾರ ಹೆಚ್ಚಿದಂತೆ ಶಿಖರಗಳು ಅಗಲವಾಗುತ್ತವೆ, ಅಕ್ಕಪಕ್ಕದವು ಒಂದರ ಮೇಲೊಂದು ಒರಗುತ್ತವೆ. ಪಿಕ್ಕಾ ಕಂಡದ್ದು 91 ಎಂಬ ಒಂದು ಸೂಜಿಮೊನೆಯನ್ನಲ್ಲ, 91ರ ಸುತ್ತ ಗುಡ್ಡೆ ಹಾಕಿದ ಒಂದು ದಿಬ್ಬವನ್ನು. ಮುಂದಿನದೆಲ್ಲ ಓದುವಾಗ ಇದೊಂದು ನೆನಪಿರಲಿ.

ಇನ್ನೊಂದು ಮಾತು ಪಕ್ಕಕ್ಕೆ. ಅದೇ ನುಗ್ಗುವಿಕೆಯಲ್ಲಿ ಕಲೋನ್‌ನ ಫ್ರಿಟ್ಸ್ ನೊಯ್‌ಬಾವರ್ ಅವರ ಮ್ಯಾಗ್ನೆಟೋಮೀಟರ್ ಸುಮಾರು 4,700 ಕಿಲೋಮೀಟರ್ ದೂರದಲ್ಲಿ ಕಾಂತಕ್ಷೇತ್ರ ಸೊನ್ನೆಗೆ ಇಳಿದದ್ದನ್ನು ಕಂಡಿತು. ಹೊರಗೆ ಹರಿಯುವ ಅನಿಲ ಅಯಾನುಗಳನ್ನು ತಳ್ಳುತ್ತ ಸೌರಮಾರುತ ತಂದ ಕಾಂತಕ್ಷೇತ್ರವನ್ನು ಒಳಗೆ ಬಿಡದ ಒಂದು ಗುಹೆ ಅದು. ಗುಹೆಯ ಬಾಗಿಲಿನಿಂದ ಅತಿ ಸಮೀಪದ ಬಿಂದುವಿಗೆ ಜಿಯೊಟ್ಟೊಗೆ ಬೇಕಾದದ್ದು ಒಂದು ನಿಮಿಷ, ಎಂಟು ಸೆಕೆಂಡು. ನೌಕೆ ನಾಲ್ಕು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತಿತ್ತು. ಹದಿನೇಳು ಸುತ್ತಿನಲ್ಲಿ ಒಂದು ಧೂಮಕೇತುವಿನ ಒಡಲನ್ನು ಓದಿ ಮುಗಿಸಬೇಕಿತ್ತು.

ಹೆಸರಿಟ್ಟದ್ದು

ಅಂತರ 16, 14, 16, 14. ಆಕ್ಸಿಜನ್ ತೂಕ 16. ಒಂದು ಕಾರ್ಬನ್ನಿಗೆ ಎರಡು ಹೈಡ್ರೋಜನ್ ಸೇರಿದರೆ 14. ಎರಡೂ ಕೂಡಿದರೆ 30, ಅದೇ ಫಾರ್ಮಾಲ್ಡಿಹೈಡ್. ಫಾರ್ಮಾಲ್ಡಿಹೈಡ್ ಅಣುಗಳು ಕೈಕೈ ಹಿಡಿದು ಸರಪಳಿಯಾದರೆ ಪಾಲಿಆಕ್ಸಿಮಿಥಿಲೀನ್ ಎಂಬ ಪಾಲಿಮರ್. ಇದೇನು ಅಪರಿಚಿತ ವಸ್ತುವಲ್ಲ. ಸಣ್ಣ ಗೇರ್ ಚಕ್ರಗಳಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್ ಇದರದ್ದೇ ಜಾತಿ. ಪಿಯುಸಿ ಲ್ಯಾಬಿನಲ್ಲಿ ಕಪ್ಪೆ ಮುಳುಗಿಸಿಟ್ಟ ಫಾರ್ಮಲಿನ್ ಬಾಟಲಿಯ ತಳದಲ್ಲಿ, ಚಳಿಗಾಲ ಕಳೆದ ಮೇಲೆ, ಸುಣ್ಣದಂತೆ ಕೂತಿರುತ್ತಿದ್ದ ಬಿಳಿ ಗಸಿಯೂ ಅದೇ, ಸರಪಳಿ ಮಾತ್ರ ಚಿಕ್ಕದು.

ಅಮೆರಿಕದ ವಾಲ್ಟರ್ ಹ್ಯೂಬ್ನರ್ 1987ರಲ್ಲಿ ಲೆಕ್ಕ ಹೊಂದಿಸಿದರು. ಸರಪಳಿ ಮುರಿಯುವಾಗ ಆಕ್ಸಿಜನ್ನಿನ ಈಚೆಗೋ ಆಚೆಗೋ ಮುರಿಯಬೇಕು. ಒಂದು ಕೊಂಡಿ, ತುದಿಗೆ ಒಂದು ಮಿಥೈಲ್ ಗುಂಪು: 30 ಮತ್ತು 15, ಒಟ್ಟು 45. ಎರಡು ಕೊಂಡಿ, ತುದಿಗೆ ಒಂದು ಹೈಡ್ರೋಜನ್: 61. ಎರಡು ಕೊಂಡಿ, ಮಿಥೈಲ್: 75. ಮೂರು ಕೊಂಡಿ, ಹೈಡ್ರೋಜನ್: 91. ಮೂರು ಕೊಂಡಿ, ಮಿಥೈಲ್: 105. ಐದಕ್ಕೆ ಐದೂ ಕೂತವು. ಬಾಹ್ಯಾಕಾಶದಲ್ಲಿ ಮೊತ್ತಮೊದಲ ಪಾಲಿಮರನ್ನು ಗುರುತಿಸಿದ್ದೇವೆ ಎಂದು ಲೇಖನದ ಶೀರ್ಷಿಕೆಯೇ ಹೇಳಿತು.

ಈಗ ಕೂತು ನಗುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಬೇಕು. ನಕ್ಷತ್ರಗಳ ನಡುವಿನ ದೂಳಿನಲ್ಲಿ ಫಾರ್ಮಾಲ್ಡಿಹೈಡ್ ಪಾಲಿಮರ್ ಇರಬಹುದು ಎಂದು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ 1974ರಲ್ಲೇ ವಾದಿಸಿದ್ದರು. ಧೂಮಕೇತುವಿನಲ್ಲಿ ಫಾರ್ಮಾಲ್ಡಿಹೈಡ್ ಇರುವ ಸುಳಿವೂ ಸಿಕ್ಕಿತ್ತು. ಕಾಯುತ್ತಿದ್ದ ಹೆಸರು, ಹೊಂದುವ ಲೆಕ್ಕ. ನನ್ನ ತಕರಾರು ಲೆಕ್ಕದ ಮೇಲಲ್ಲ, 'ಗುರುತಿಸಿದ್ದೇವೆ' ಎಂಬ ಕ್ರಿಯಾಪದದ ಮೇಲೆ. 'ಹೊಂದುತ್ತದೆ' ಎಂದಿದ್ದರೆ ಸಾಕಿತ್ತು.

ಹೋಟೆಲ್ ಬಿಲ್ಲು

ತೊಡಕು ಎಲ್ಲಿದೆ ಎಂದು ತೋರಿಸಲು ಒಂದು ಹೋಟೆಲಿಗೆ ಹೋಗೋಣ. ಹಳೇ ಕಾಲದ ದರ. ಕಾಫಿ 12 ರೂಪಾಯಿ, ವಡೆ 14, ಇಡ್ಲಿ 16. ಚಿಲ್ಲರೆ ಇಲ್ಲ ಎಂದು ಗಲ್ಲಾದಲ್ಲಿ ಕೈಗಿಡುವ ಚಾಕಲೇಟು ತಲಾ ಒಂದು ರೂಪಾಯಿ. ಇವು ಕ್ರಮವಾಗಿ ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಹೈಡ್ರೋಜನ್. ಗಿರಾಕಿ ಎದ್ದು ಹೋಗಿದ್ದಾನೆ, ಮೇಜಿನ ಮೇಲೆ ಮೊತ್ತ ಮಾತ್ರ ಬರೆದ ಬಿಲ್ಲು ಬಿದ್ದಿದೆ: 45. ಏನು ತಿಂದ?

ಎರಡು ಕಾಫಿ, ಒಂದು ಇಡ್ಲಿ, ಐದು ಚಾಕಲೇಟು: 45. ರಸಾಯನಶಾಸ್ತ್ರದಲ್ಲಿ ಇದು ಪ್ರೋಟಾನ್ ಹೊತ್ತ ಅಸಿಟಾಲ್ಡಿಹೈಡ್. ಹ್ಯೂಬ್ನರ್ ಅವರ ಸರಪಳಿ ತುಂಡಿನಲ್ಲಿ ಇರುವುದೂ ಇದೇ ಸಾಮಾನು, ಜೋಡಣೆ ಮಾತ್ರ ಬೇರೆ. ಒಂದು ಕಾಫಿ, ಎರಡು ಇಡ್ಲಿ, ಒಂದು ಚಾಕಲೇಟು: ಮತ್ತೆ 45. ಎರಡು ವಡೆ, ಒಂದು ಇಡ್ಲಿ, ಒಂದು ಚಾಕಲೇಟು: ಮತ್ತೆ 45. ಗಂಧಕ ಎಂಬ 32 ರೂಪಾಯಿಯ ದೋಸೆಯನ್ನೂ ಮೆನುವಿಗೆ ಸೇರಿಸಿದರೆ ಇನ್ನೊಂದು. ಮೊತ್ತ 91ಕ್ಕೆ ಬಂದರೆ ಸಾಧ್ಯತೆಗಳು ಬೆರಳೆಣಿಕೆಗೆ ಸಿಗುವುದಿಲ್ಲ.

ಸರಿ, ಒಂದು ಬಿಲ್ಲು ಏನೂ ಹೇಳದು. ಆದರೆ ಐದು ಬಿಲ್ಲುಗಳು 16, 14, 16, 14 ಎಂದು ಏರುತ್ತ ಹೋದರೆ? ಅದು ಏನನ್ನಾದರೂ ಹೇಳಬೇಕಲ್ಲ? ಇಲ್ಲೇ ಜನ ಎಡವುವುದು.

1992ರಲ್ಲಿ ಈ ಗಂಟನ್ನು ಸಡಿಲಿಸಿದವರು ಬರ್ಕ್ಲಿಯ ಡೇವಿಡ್ ಮಿಚೆಲ್ ಮತ್ತು ಸಂಗಡಿಗರು. ಅವರು ಹೊರಗಿನ ವಿಮರ್ಶಕರಲ್ಲ, ಪಿಕ್ಕಾದ ಮಾಹಿತಿಯ ಮೇಲೆ ಕೂತು ಕೆಲಸ ಮಾಡಿದವರೇ. 1987ರಲ್ಲಿ ಸರಪಳಿ ಅಣುಗಳಿಗೆ ಸಾಕ್ಷ್ಯವಿದೆ ಎಂದು ಬರೆದ ತಂಡದ ಮುಂಚೂಣಿಯಲ್ಲಿದ್ದ ಹೆಸರೂ ಮಿಚೆಲ್ ಅವರದ್ದೇ. ತಾವು ಕಟ್ಟಿದ ಗೋಡೆಯನ್ನು ತಾವೇ ತಟ್ಟಿ ನೋಡಿದರು. ಕಾರ್ಬನ್, ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್ ಸೇರಿ ಆಗಬಹುದಾದ ಬಗೆಬಗೆಯ ಅಣುಗಳ ಮಿಶ್ರಣ ತನ್ನಷ್ಟಕ್ಕೆ ತಾನೇ ಇಂಥ ಏಣಿಯನ್ನು ಕೊಡುತ್ತದೆ ಎಂಬುದು ಅವರು ಕಂಡದ್ದು.

ಅದರ ತಿರುಳನ್ನು ನನ್ನ ರೀತಿಯಲ್ಲಿ ಹೇಳುತ್ತೇನೆ, ಒಂದು ಚೀಟಿ ತೆಗೆದುಕೊಂಡು ನೀವೂ ಮಾಡಬಹುದು. ಹೈಡ್ರೋಜನ್ ಬಿಟ್ಟು ಒಂದೇ ಭಾರದ ಪರಮಾಣು ಇರುವ ಅಣುಗಳು: ಮೀಥೇನ್ 16, ಅಮೋನಿಯ 17, ನೀರು 18. ಪ್ರೋಟಾನ್ ಸೇರಿಸಿ 17ರಿಂದ 19. ಎರಡು ಭಾರದ ಪರಮಾಣು ಇರುವವು: ಅಸಿಟಿಲೀನ್ 26, ಹೈಡ್ರೋಜನ್ ಸಯನೈಡ್ 27, ಫಾರ್ಮಾಲ್ಡಿಹೈಡ್ 30, ಮೆಥನಾಲ್ 32. ಪ್ರೋಟಾನ್ ಸೇರಿ 27ರಿಂದ 33. ನಡುವೆ, 20ರಿಂದ 26ರವರೆಗೆ, ಬಯಲು. ಮೂರು ಇರುವವು: ಅಸಿಟೋನೈಟ್ರೈಲ್ 41, ಅಸಿಟಾಲ್ಡಿಹೈಡ್ 44, ಫಾರ್ಮಮೈಡ್ 45, ಫಾರ್ಮಿಕ್ ಆಮ್ಲ 46. ಪ್ರೋಟಾನ್ ಸೇರಿ 42ರಿಂದ 47. ನಾಲ್ಕು ಇರುವ ಅಸಿಟೋನ್ 58, ಅಸಿಟಿಕ್ ಆಮ್ಲ 60. ಪ್ರೋಟಾನ್ ಸೇರಿ 59, 61. ಗುಂಪು, ಬಯಲು, ಗುಂಪು, ಬಯಲು. ಒಂದು ಭಾರದ ಪರಮಾಣುವನ್ನು ತನ್ನ ಪಾಲಿನ ಹೈಡ್ರೋಜನ್ ಸಮೇತ ಸೇರಿಸಿದರೆ ಮೊತ್ತ ಸರಾಸರಿ 15ರ ಹತ್ತಿರ ಏರುತ್ತದೆ. 45ರಿಂದ 105ಕ್ಕೆ ನಾಲ್ಕು ಹೆಜ್ಜೆ, 60 ಘಟಕ. ಭಾಗಿಸಿ ನೋಡಿ.

ಹಾಗಾದರೆ 15, 15, 15 ಎಂದು ಏರದೆ 16, 14 ಎಂದು ಏಕೆ? ಅದಕ್ಕೂ ಸರಳ ಕಾರಣವಿದೆ. ಕಾರ್ಬನ್ 12, ಆಕ್ಸಿಜನ್ 16, ಎರಡೂ ಸಮ. ನೈಟ್ರೋಜನ್ ಇಲ್ಲದ ಸ್ಥಿರ ಅಣುವಿನಲ್ಲಿ ಹೈಡ್ರೋಜನ್ ಸಂಖ್ಯೆಯೂ ಸಮ. ಒಂದು ಪ್ರೋಟಾನ್ ಸೇರಿದರೆ ಮೊತ್ತ ಬೆಸವಾಗಲೇಬೇಕು. ಬೆಸದಿಂದ ಬೆಸಕ್ಕೆ 15 ದಾಟಲು ಆಗುವುದಿಲ್ಲ, 14 ಅಥವಾ 16 ದಾಟಬೇಕು. ಅಂದರೆ ಸರಾಸರಿ 15 ಕಾಪಾಡಿಕೊಂಡು ಬೆಸ ಸಂಖ್ಯೆಗಳ ಮೇಲೇ ಕಾಲಿಡುತ್ತ ಹೋದರೆ 16, 14, 16, 14 ಎಂದು ನಡೆಯುವುದೇ ಸಹಜ ನಡಿಗೆ.

ಏಣಿ ಇದ್ದದ್ದು ನಿಜ. ಅದು ಒಂದು ವಸ್ತುವಿನ ಸಹಿ ಅಲ್ಲ, ಪರಮಾಣು ತೂಕಗಳ ಮಗ್ಗಿ. ಪಾಲಿಮರ್ ಇದ್ದರೂ ಈ ಏಣಿ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಪಿಕ್ಕಾದ ಅಗಲ ದಿಬ್ಬಗಳಿಂದ ಎರಡನ್ನೂ ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಅಷ್ಟು ಸಂಕೀರ್ಣವಾದ ಸಾವಯವ ಅಣುಗಳು ಧೂಮಕೇತುವಿನಲ್ಲಿ ಇವೆ ಎಂಬುದು ಮಾತ್ರ ಗಟ್ಟಿಯಾಗಿ ನಿಂತಿತು. 1986ರ ಮಟ್ಟಿಗೆ ಅದೇ ಸಣ್ಣ ಸಂಗತಿಯೇನಲ್ಲ.

ಅದೇ ಏಣಿ, ಇನ್ನೊಂದು ಊರಲ್ಲಿ

ರೊಸೆಟಾ ನೌಕೆ 2004ರಲ್ಲಿ ಹೊರಟು 2014ರ ಆಗಸ್ಟ್ 6ರಂದು 67ಪಿ ಚುರ್ಯುಮೊವ್–ಗೆರಸಿಮೆಂಕೊ ಧೂಮಕೇತುವನ್ನು ತಲುಪಿತು. ಇದು ಹಾದುಹೋಗುವ ಭೇಟಿಯಲ್ಲ, ಎರಡು ವರ್ಷದ ಸಂಸಾರ. ನೌಕೆಯ ಸಾಪೇಕ್ಷ ವೇಗ ಮನುಷ್ಯ ನಡೆಯುವಷ್ಟು. ಜಿಯೊಟ್ಟೊದ ತಕ್ಕಡಿ ಇಲ್ಲಿ ಉಪಯೋಗಕ್ಕೆ ಬಾರದು. ಇಲ್ಲಿನ ಉಪಕರಣಗಳು ಅನಿಲವನ್ನು ಒಳಗೆ ಎಳೆದುಕೊಂಡು, ಎಲೆಕ್ಟ್ರಾನ್‌ಗಳಿಂದ ಹೊಡೆದು, ತಾವೇ ಅಯಾನು ಮಾಡಿಕೊಂಡು ತೂಗಬೇಕಿತ್ತು. ಹೊಡೆದಾಗ ಅಣು ಚೂರಾಗುವುದೂ ಉಂಟು.

2014ರ ನವೆಂಬರ್ 12ರಂದು ಫೀಲೆ ಎಂಬ ಪುಟ್ಟ ಲ್ಯಾಂಡರ್ ನೆಲ ಮುಟ್ಟಿತು, ಕಚ್ಚಿಕೊಳ್ಳಲಾಗದೆ ಪುಟಿಯಿತು. ಮೊದಲ ಸಲ ನೆಲ ಮುಟ್ಟಿದ ಇಪ್ಪತ್ತು ನಿಮಿಷಕ್ಕೆ, ಇನ್ನೂ ಗಾಳಿಯಲ್ಲೇ ಇದ್ದಾಗ (ಅಲ್ಲಿ ಗಾಳಿ ಎಲ್ಲಿದೆ, ಮಾತಿಗೆ ಹೇಳಿದೆ), ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಇಯಾನ್ ರೈಟ್ ತಂಡದ ಟಾಲೆಮಿ ಉಪಕರಣ ಸುತ್ತಲಿನ ಅನಿಲವನ್ನು ಮೂಸಿ ನೋಡಿತು. 2015ರ ಜುಲೈನಲ್ಲಿ ಫಲಿತಾಂಶ ಹೊರಬಿತ್ತು. 14 ಮತ್ತು 16ರ ಹೆಜ್ಜೆಗಳ ಕ್ರಮಬದ್ಧ ಸರಣಿ ಇದೆ, ಹ್ಯಾಲಿಯಲ್ಲಿ ಕಂಡದ್ದಕ್ಕೆ ಹೋಲುತ್ತದೆ, ಆದ್ದರಿಂದ ಮೇಲ್ಮೈಯಲ್ಲಿ ವಿಕಿರಣದಿಂದ ಆದ ಪಾಲಿಮರ್ ಇರಬಹುದು. ಬೆಂಜೀನ್‌ನಂಥ ಉಂಗುರ ರಚನೆಯ ಅಣುಗಳು ಮಾತ್ರ ಕಾಣುತ್ತಿಲ್ಲ ಎಂದು ಅವರು ಬರೆದರು.

ಇದನ್ನು ಮೊದಲ ಸಲ ಓದಿದಾಗ ನನಗೆ ಸೋಜಿಗವಾಯಿತು. 1992ರಲ್ಲಿ ಇಳಿಸಿಟ್ಟ ಏಣಿಯನ್ನೇ ಆಧಾರವಾಗಿ ಒರಗಿಸಿ ಇನ್ನೊಂದು ಮಾಳಿಗೆ ಹತ್ತಿದ ಹಾಗಿತ್ತು. ಹ್ಯಾಲಿಯಲ್ಲಿ ಅಳೆದದ್ದು ಪ್ರಕೃತಿಯೇ ಮಾಡಿದ, ಪ್ರೋಟಾನ್ ಹೊತ್ತ ಅಯಾನುಗಳು. ಟಾಲೆಮಿಯಲ್ಲಿ ಇದ್ದವು ಎಲೆಕ್ಟ್ರಾನ್ ಏಟಿಗೆ ಆದ ಅಯಾನುಗಳು, ಚೂರುಗಳು. ಹುಟ್ಟಿದ ಬಗೆ ಬೇರೆಯಾದ ಎರಡು ಪಟ್ಟಿಗಳು ಒಂದೇ ಥರ ಕಂಡರೆ ಒಂದೇ ವಸ್ತು ಎನ್ನುವ ಮುಂಚೆ, ಎರಡರಲ್ಲೂ ಇರುವ ಸಮಾನ ಅಂಶ ಮಗ್ಗಿಯೇ ಇರಬಹುದೇ ಎಂದು ಕೇಳಬೇಕಿತ್ತು.

ಉತ್ತರ ಸಿಕ್ಕಿದ್ದು ತಲೆಯ ಮೇಲೆ ಸುತ್ತುತ್ತಿದ್ದ ರೊಸೆಟಾದಿಂದಲೇ. ಬರ್ನ್‌ನ ಕ್ಯಾಥ್ರಿನ್ ಆಲ್ಟ್‌ವೆಗ್ ಮುಖ್ಯಸ್ಥೆಯಾಗಿದ್ದ ರೊಸಿನಾ ಪ್ರಯೋಗದ ದೊಡ್ಡ ಮಾಸ್ ಸ್ಪೆಕ್ಟ್ರೋಮೀಟರ್ ರೂಪಾಯಿ ಮಾತ್ರವಲ್ಲ, ಪೈಸೆಯನ್ನೂ ಎಣಿಸುತ್ತಿತ್ತು. ಹೋಟೆಲ್ ಬಿಲ್ಲಿಗೆ ಮರಳಿದರೆ, ನಿಜವಾದ ದರಗಳು ಪೂರ್ಣ ಸಂಖ್ಯೆಗಳಲ್ಲ. ಕಾರ್ಬನ್ 12 ಸರಿಯಾಗಿ 12, ಆದರೆ ಹೈಡ್ರೋಜನ್ 1.0078, ಆಕ್ಸಿಜನ್ 15.9949. ಮೂರು ಕೊಂಡಿಯ ಪಾಲಿಮರ್ ತುಂಡು 91 ಎಂದೆವಲ್ಲ, ಅದು ನಿಜಕ್ಕೆ 91.040. ಏಳು ಕಾರ್ಬನ್ ಏಳು ಹೈಡ್ರೋಜನ್ ಇರುವ ಇನ್ನೊಂದು ಅಯಾನೂ 91, ಆದರೆ 91.055. ವ್ಯತ್ಯಾಸ ಆರು ಸಾವಿರದಲ್ಲಿ ಒಂದು ಪಾಲು. ಪಿಕ್ಕಾಗೆ ಇದು ಕನಸಿನಲ್ಲೂ ಸಿಗದು, ಟಾಲೆಮಿಗೂ ಇಲ್ಲ. ರೊಸಿನಾಗೆ ಸಿಗುತ್ತಿತ್ತು.

2017ರಲ್ಲಿ ಆಲ್ಟ್‌ವೆಗ್ ಮತ್ತು ಸಂಗಡಿಗರು ರೊಸಿನಾ, ಟಾಲೆಮಿ, ಮತ್ತು ಫೀಲೆಯ ಮೇಲಿದ್ದ ಕೊಸ್ಯಾಕ್ ಎಂಬ ಇನ್ನೊಂದು ಉಪಕರಣ, ಮೂರರ ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ಓದಿದರು. ಪಾಲಿಆಕ್ಸಿಮಿಥಿಲೀನ್‌ಗೆ ಬೆಂಬಲ ಸಿಗಲಿಲ್ಲ. ಟಾಲೆಮಿಯ 91ಕ್ಕೆ ಚೆನ್ನಾಗಿ ಹೊಂದಿದ್ದು ಟಾಲ್ಯುಯೀನ್: ತೂಕ 92, ಹೊಡೆದಾಗ ಒಂದು ಹೈಡ್ರೋಜನ್ ಉದುರಿ 91. ಪೇಂಟಿಗೆ ಬೆರೆಸುವ ಥಿನ್ನರ್ ಡಬ್ಬಿ ಬಿಚ್ಚಿದಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಅದರ ಪಾಲು ದೊಡ್ಡದು. ಬೆಂಜೀನ್ ಉಂಗುರಕ್ಕೆ ಒಂದು ಬಾಲ ಕಟ್ಟಿದ ಅಣು ಅದು. ಯಾವ ಜಾತಿ ಇಲ್ಲ ಎಂದು 2015ರಲ್ಲಿ ಹೇಳಿದ್ದರೋ ಅದೇ ಜಾತಿ.

2022ರಲ್ಲಿ ಬರ್ನ್‌ನ ನೋರಾ ಹ್ಯಾನ್ನಿ ತಂಡ ಇನ್ನೂ ಒಂದು ಹೆಜ್ಜೆ ಹೋಯಿತು. 2015ರ ಆಗಸ್ಟ್ 3ರಂದು, ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಬರಲು ಹತ್ತು ದಿನ ಇದ್ದಾಗ, ದೂಳು ಜೋರಾಗಿ ಹಾರುತ್ತಿದ್ದ ಹೊತ್ತಿನಲ್ಲಿ ರೊಸಿನಾ ಅಳೆದ ಪಟ್ಟಿಯನ್ನು ಬಿಡಿಸಿದರು. ಸರಪಳಿ, ಉಂಗುರ, ಜೋಡಿ ಉಂಗುರ, ಎಲ್ಲ ಥರದ ಅಣುಗಳೂ ಸಿಕ್ಕವು. ಅದರಲ್ಲಿ ನ್ಯಾಫ್ತಲೀನ್ ಕೂಡ ಇತ್ತು, ನಮ್ಮ ಬೀರುವಿನ ನುಸಿಗುಳಿಗೆಯದ್ದೇ. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದು ಕಾರ್ಬನ್ನಿಗೆ ಹೈಡ್ರೋಜನ್ 1.56, ಆಕ್ಸಿಜನ್ 0.13ರಷ್ಟು. ಪಾಲಿಆಕ್ಸಿಮಿಥಿಲೀನ್‌ನಲ್ಲಿ ಒಂದು ಕಾರ್ಬನ್ನಿಗೆ ಒಂದು ಆಕ್ಸಿಜನ್ ಇರಬೇಕು. ಹತ್ತಿರ ಹತ್ತಿರವೂ ಇಲ್ಲ.

ಮುಚ್ಚದ ಕಡತ

ಇಲ್ಲಿಗೆ ಪಾಲಿಮರ್ ಕಥೆ ಮುಗಿಯಿತು ಎಂದುಕೊಂಡರೆ ಇನ್ನೊಂದು ಎಳೆ ಉಳಿದಿದೆ. ಅದು ಏಣಿಯ ಮೇಲಿನ ಮೆಟ್ಟಿಲುಗಳದ್ದಲ್ಲ, ಕೆಳಗಿನ ಒಂಟಿ ಫಾರ್ಮಾಲ್ಡಿಹೈಡ್‌ನದ್ದು.

ನ್ಯೂಕ್ಲಿಯಸ್ಸಿನಿಂದ ನೇರವಾಗಿ ಹೊರಟ ಅನಿಲ ದೂರ ಹೋದಂತೆ ತೆಳುವಾಗುವ ಲೆಕ್ಕ ಸರಳ: ದೂರ ಎರಡರಷ್ಟಾದರೆ ಸಾಂದ್ರತೆ ಕಾಲು ಭಾಗ. ಹ್ಯಾಲಿಯ ನೀರು ಹೆಚ್ಚು ಕಡಿಮೆ ಹಾಗೇ ನಡೆದುಕೊಂಡಿತು. ಫಾರ್ಮಾಲ್ಡಿಹೈಡ್ ನಡೆದುಕೊಳ್ಳಲಿಲ್ಲ. ಜಿಯೊಟ್ಟೊದ ನ್ಯೂಟ್ರಲ್ ಮಾಸ್ ಸ್ಪೆಕ್ಟ್ರೋಮೀಟರ್ ಮಾಹಿತಿಯನ್ನು 1993ರಲ್ಲಿ ವಿವರವಾಗಿ ಬಿಡಿಸಿದಾಗ, ದಾರಿಯುದ್ದಕ್ಕೂ ಎಲ್ಲಿಂದಲೋ ಹೊಸದಾಗಿ ಫಾರ್ಮಾಲ್ಡಿಹೈಡ್ ಸೇರುತ್ತಿದೆ ಎಂದು ಸ್ಪಷ್ಟವಾಯಿತು. ನ್ಯೂಕ್ಲಿಯಸ್ ಬಿಟ್ಟು ಬಂದ ಮೇಲೂ ಹಾರುತ್ತಿರುವ ದೂಳಿನಲ್ಲಿ ಏನೋ ಇದೆ, ಅದು ಬಿಸಿಲಿಗೆ ಮುರಿಯುತ್ತ ಫಾರ್ಮಾಲ್ಡಿಹೈಡ್ ಬಿಡುತ್ತಿದೆ.

ಏನದು? ಪ್ಯಾರಿಸ್ಸಿನ ಎರ್ವೆ ಕೊಟ್ಟಾಂ ಮತ್ತು ಸಂಗಡಿಗರು ಪಾಲಿಆಕ್ಸಿಮಿಥಿಲೀನನ್ನು ಪ್ರಯೋಗಾಲಯದಲ್ಲಿ ಬಿಸಿ ಮಾಡಿ, ಅತಿನೇರಳೆ ಬೆಳಕಿಗೆ ಒಡ್ಡಿ, ಎಷ್ಟು ಬೇಗ ಮುರಿಯುತ್ತದೆ, ಏನು ಬಿಡುತ್ತದೆ ಎಂದು ಅಳೆದರು. ಆ ಅಂಕಿಗಳನ್ನು ಹ್ಯಾಲಿಯ ದೂಳಿನ ಮಾದರಿಗೆ 2001ರಲ್ಲಿ, ಮತ್ತೆ 2004ರಲ್ಲಿ ಹಾಕಿ ನೋಡಿದರು. ಜಿಯೊಟ್ಟೊ ಕಂಡ ಫಾರ್ಮಾಲ್ಡಿಹೈಡ್ ಹರವು ಬರಲು ದೂಳಿನ ತೂಕದಲ್ಲಿ ಶೇಕಡಾ ಕೆಲವರಷ್ಟು ಪಾಲಿಮರ್ ಇದ್ದರೆ ಸಾಕು ಎಂದು ಬಂತು. ಅಯಾನುಗಳ ಏಣಿಯಿಂದ ಕೆಳಗಿಳಿಸಿದ ವಸ್ತು ಹಿತ್ತಲ ಬಾಗಿಲಿನಿಂದ, ದೂಳಿನ ಕಣಗಳ ಒಳಗೆ ಕೂತು, ಮತ್ತೆ ಮನೆಗೆ ಬಂದಿದೆ. ಈ ಸಲ ಅದರ ಪರವಾಗಿ ವಾದಿಸುತ್ತಿರುವುದು ಸಂಖ್ಯೆಗಳ ಚಂದವಲ್ಲ, ಬಿಸಿ ತಾಗಿದಾಗ ಅದು ಮುರಿಯುವ ವೇಗ. ಫಾರ್ಮಲಿನ್ ಬಾಟಲಿಯ ತಳದ ಬಿಳಿ ಗಸಿಯನ್ನು ನೀರು ಸೇರಿಸಿ ಕಾಯಿಸಿದರೆ ಕರಗಿ ಕಣ್ಣುರಿಸುವ ಅದೇ ಘಾಟು ಏಳುತ್ತದಲ್ಲ, ಅವರು ಹ್ಯಾಲಿಯ ದೂಳಿನಲ್ಲಿ ಹುಡುಕುತ್ತಿರುವುದು ಅದನ್ನೇ.